‘ಅರ್ಥ ಆಯ್ತಾ?’ ಎಂದು ಕೇಳುವ ಮೊದಲು

ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ. ಹದಿಮೂರು ವರ್ಷದಿಂದ ಇದೇ ನನ್ನ ದಾರಿ. ಕಳೆದ ವರ್ಷ ಒಂದು ಸೆಮಿಸ್ಟರ್ ಮಟ್ಟಿಗೆ ಮಾತ್ರ ಶನಿವಾರ ಬೆಳಿಗ್ಗೆ ಎದುರು ದಿಕ್ಕಿನ ಲೋಕಲ್ ಹತ್ತುತ್ತಿದ್ದೆ. ಕಲ್ಯಾಣದ ಕಡೆಗೆ. ಆ ಹೊತ್ತಿಗೆ ಆ ಕಡೆ ಹೋಗುವ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ, ಕಿಟಕಿಯೂ ಸಿಗುತ್ತದೆ! ಡೊಂಬಿವಲಿಯವರಿಗೆ ಇದಕ್ಕಿಂತ ದೊಡ್ಡ ಸುಖ ಬೇಕೇ?

ಕಲ್ಯಾಣದಾಚೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಐಟಿ ಎರಡನೇ ವರ್ಷದ ಮಕ್ಕಳಿಗೆ ಡೇಟಾಬೇಸ್ ಪಾಠ ಹೇಳಲು ಯಾರೋ ಬೇಕಾಗಿದ್ದರು. ಪರಿಚಯದವರು ನನ್ನ ಹೆಸರು ಹೇಳಿದರು. ಎಂಸಿಎ ಓದಿದ್ದೇನೆ, ದಿನಾ ಮಾಡುವ ಕೆಲಸವೇ ಅದು, ಮಕ್ಕಳಿಗೆ ಹೇಳುವುದೇನು ಕಷ್ಟ ಎಂದುಕೊಂಡು ಒಪ್ಪಿಬಿಟ್ಟೆ. ರಾತ್ರಿ ಕೂತು ಎಪ್ಪತ್ತು ಸ್ಲೈಡು ಮಾಡಿದೆ. ತರಗತಿಯಲ್ಲಿ ಅವುಗಳನ್ನು ಒಂದೊಂದಾಗಿ ಓಡಿಸಿದೆ. ಹತ್ತು ನಿಮಿಷಕ್ಕೊಮ್ಮೆ ‘ಅರ್ಥ ಆಯ್ತಾ?’ ಎಂದು ಕೇಳುತ್ತಿದ್ದೆ. ‘ಯೆಸ್ ಸರ್’ ಎಂದು ಕೋರಸ್ ಬರುತ್ತಿತ್ತು. ನಾನು ಖುಷಿ, ಅವರೂ ಖುಷಿ.

ಐದನೇ ವಾರ ಒಂದು ಸಣ್ಣ ಪರೀಕ್ಷೆ ಇಟ್ಟೆ. ಒಂದು ಪ್ರಶ್ನೆ ಹೀಗಿತ್ತು: ಒಂದು ಟೇಬಲ್‌ನಲ್ಲಿ ಐದು ವಿದ್ಯಾರ್ಥಿಗಳ ಹೆಸರಿದೆ. ಇನ್ನೊಂದರಲ್ಲಿ ಮೆಸ್ಸಿಗೆ ಹಣ ಕಟ್ಟಿದ ಮೂರು ರಸೀದಿಗಳಿವೆ, ಅದರಲ್ಲಿ ಎರಡು ಒಬ್ಬನದೇ. ಎರಡನ್ನೂ ಇನ್ನರ್ ಜಾಯಿನ್ ಮಾಡಿದರೆ ಎಷ್ಟು ಸಾಲು ಬರುತ್ತದೆ? ಲೆಫ್ಟ್ ಜಾಯಿನ್ ಮಾಡಿದರೆ ಎಷ್ಟು? ಉತ್ತರ ಮೂರು ಮತ್ತು ಆರು. ಮುಕ್ಕಾಲು ತರಗತಿ ಎರಡಕ್ಕೂ ಐದು ಎಂದು ಬರೆದಿತ್ತು. ಜಾಯಿನ್ ಎಂದರೇನು ಎಂಬ ವ್ಯಾಖ್ಯೆಯನ್ನು ಮಾತ್ರ ಎಲ್ಲರೂ ನನ್ನ ಸ್ಲೈಡಿನಲ್ಲಿದ್ದ ಹಾಗೆಯೇ, ಅಲ್ಪವಿರಾಮ ಸಮೇತ, ಒಪ್ಪಿಸಿದ್ದರು.

ಆ ತರಗತಿಯಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗನಿದ್ದ. ಸೋದರಮಾವನ ಕ್ಯಾಂಟೀನಿನಲ್ಲಿ ಸಂಜೆ ಗಲ್ಲಾ ನೋಡಿಕೊಂಡು, ಅಲ್ಲೇ ಮೇಲಿನ ಕೋಣೆಯಲ್ಲಿ ಇದ್ದು ಓದುತ್ತಿದ್ದ. ನಾನು ಕನ್ನಡದವನೆಂದು ತಿಳಿದ ಮೇಲೆ ಕ್ಲಾಸು ಮುಗಿದ ಮೇಲೆ ನಿಂತು ಎರಡು ಮಾತಾಡಿ ಹೋಗುತ್ತಿದ್ದ. ಅವತ್ತು ಉತ್ತರಪತ್ರಿಕೆ ಕೈಯಲ್ಲಿ ಹಿಡಿದುಕೊಂಡು ಹೇಳಿದ: “ಸರ್, ನೀವು ಹೇಳುವಾಗ ಎಲ್ಲ ಗೊತ್ತಾತ್ತ್. ರೂಮಿಗೆ ಹೋಯಿ ಪುಸ್ತಕ ಬಿಡ್ಸಿರೆ ಎಂತದೂ ಇಲ್ಲ. ಮಾವ ಹೇಳ್ತ್ರ್, ಕಾಲೇಜ್ ಬಿಟ್ಟ್ ಪೂರ್ತಿ ಗಲ್ಲಾದಗೆ ಕೂತ್ಕೋ ಅಂದೇಳಿ.” ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಫೀಸು ಕಟ್ಟಿದವನು ಅವನು, ಬಿಡುವ ಯೋಚನೆ ಮಾಡುತ್ತಿರುವವನೂ ಅವನೇ. ಪಾಠ ಹೇಳಿದವನಿಗೆ ಮಾತ್ರ ಏನೂ ಆಗುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಒಬ್ಬ ಮೇಡಂ ಇದ್ದರು. ಮರಾಠಿಯವರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ಹತ್ತಿರ ಪರೀಕ್ಷೆಯ ಕತೆ ಹೇಳಿಕೊಂಡೆ. ಅವರು ಸಮಾಧಾನದ ಮಾತೇನೂ ಆಡದೆ, “ಮುಂದಿನ ಶನಿವಾರ ನಿಮ್ಮ ಕ್ಲಾಸಿನಲ್ಲಿ ಹಿಂದೆ ಬಂದು ಕೂರಲೇ?” ಎಂದು ಕೇಳಿದರು. ಕೂತರು. ಆಮೇಲೆ ಒಂದು ಚೀಟಿ ಕೊಟ್ಟರು. ‘ನೀವು ಮಾತಾಡಿದ್ದು 46 ನಿಮಿಷ, ಮಕ್ಕಳು ಮಾತಾಡಿದ್ದು 2 ನಿಮಿಷ. ಹಿಂದಿನ ಮೂರು ಬೆಂಚು ಬರೆಯುತ್ತಿರಲಿಲ್ಲ. ಅರ್ಥ ಆಯ್ತಾ ಎಂದು ಒಂಬತ್ತು ಸಲ ಕೇಳಿದಿರಿ, ಉತ್ತರಕ್ಕೆ ಕಾದದ್ದು ಒಂದು ಸಲವೂ ಇಲ್ಲ.’ ಇಷ್ಟೇ.

ಹದಿಮೂರು ವರ್ಷದಿಂದ ನನ್ನ ಕೋಡನ್ನು ಯಾರಾದರೂ ರಿವ್ಯೂ ಮಾಡದೆ ಮುಂದಕ್ಕೆ ಬಿಟ್ಟದ್ದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ನಮ್ಮಲ್ಲಿ ತಿಂಗಳುಗಟ್ಟಲೆ ಟ್ರೇನಿಂಗು, ಪಕ್ಕದಲ್ಲಿ ಒಬ್ಬ ಹಿರಿಯ. ಆದರೆ ಅರವತ್ತು ಮಕ್ಕಳ ಎದುರು ನನ್ನನ್ನು ನಿಲ್ಲಿಸುವಾಗ ‘ಸಿಲೆಬಸ್ ಇದು, ಕೋಣೆ ಅದು’ ಎಂದಷ್ಟೇ ಹೇಳಿದ್ದರು. ಅದು ಆ ಕಾಲೇಜಿನ ತಪ್ಪು ಮಾತ್ರ ಅಲ್ಲ. ಶಾಲೆಯಲ್ಲಿ ಕಲಿಸಲು ಡಿ.ಎಡ್., ಬಿ.ಎಡ್. ಬೇಕು. ಕಾಲೇಜಿನಲ್ಲಿ ಕಲಿಸಲು ನೆಟ್, ಸೆಟ್, ಪಿಎಚ್‌.ಡಿ. ಕೇಳುತ್ತಾರೆ. ಅವೆಲ್ಲ ಹೆಚ್ಚಾಗಿ ವಿಷಯ ಗೊತ್ತೇ ಎಂದು ನೋಡುತ್ತವೆ. ಕಲಿಸಲು ಬರುತ್ತದೆಯೇ ಎಂಬುದನ್ನು ಕೆಲಸಕ್ಕೆ ಸೇರಿದ ಮೇಲೆ ಅವರವರೇ ನೋಡಿಕೊಳ್ಳಬೇಕು.

ಹಾಗೆಂದು ವ್ಯವಸ್ಥೆಯೇ ಇಲ್ಲ ಎಂದಲ್ಲ. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ ದೇಶದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲೂ ಇದೆ, ಕರ್ನಾಟಕದಲ್ಲಿ ಮೈಸೂರು, ಧಾರವಾಡ, ಬೆಂಗಳೂರುಗಳಲ್ಲೂ ಇವೆ. ಹೊಸಬರಿಗೆ ಓರಿಯೆಂಟೇಶನ್, ಹಳಬರಿಗೆ ರಿಫ್ರೆಶರ್. 2015ರಲ್ಲಿ ಇವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರ ಶಿಕ್ಷಕರ ದಿನದಂದು ಮಾಳವೀಯ ಮಿಷನ್ ಎಂಬ ಹೊಸ ಯೋಜನೆಯ ಕೆಳಗೆ ಬಂದವು. ಬೋರ್ಡು ಎರಡು ಸಲ ಬದಲಾಯಿತು. ಬಡ್ತಿಗೆ ಈ ಕೋರ್ಸುಗಳು ಕಡ್ಡಾಯವಾದ್ದರಿಂದ ಅನೇಕರಿಗೆ ಅವು ಫೈಲಿಗೆ ಸೇರಿಸುವ ಸರ್ಟಿಫಿಕೇಟು ಮಾತ್ರ. ಆನ್‌ಲೈನ್ ಬಂದ ಮೇಲಂತೂ ಕ್ಯಾಮೆರಾ ಆಫ್ ಮಾಡಿ ಅಡುಗೆ ಮಾಡುತ್ತಾ ರಿಫ್ರೆಶ್ ಆದವರನ್ನು ನಾನೇ ಬಲ್ಲೆ. ಆದರೆ ಸರಿಯಾಗಿ ಬಳಸಿಕೊಂಡವರೂ ಇದ್ದಾರೆ. ನನ್ನ ಮೇಡಂ ಅಂಥವರು.

ಅವರು ಈ ವಿದ್ಯೆ ಕಲಿತದ್ದು ನಮ್ಮ ಪವಾಯಿಯ ಐಐಟಿಯ ಕೃಪೆಯಿಂದ. ಅಲ್ಲಿನ ಪ್ರೊ. ದೀಪಕ್ ಫಾಟಕ್ ಮುಂದಾಳತ್ವದಲ್ಲಿ ‘ಟಿ10ಕೆಟಿ’ ಎಂಬ ಯೋಜನೆ ನಡೆದಿತ್ತು. ಹತ್ತು ಸಾವಿರ ಅಧ್ಯಾಪಕರಿಗೆ ತರಬೇತಿ ಕೊಡುವ ಹಂಬಲ. ಪವಾಯಿಯಲ್ಲಿ ಪಾಠ, ದೇಶದ ಊರೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರಿಮೋಟ್ ಸೆಂಟರು. ಅಧ್ಯಾಪಕರು ತಮ್ಮ ಹತ್ತಿರದ ಸೆಂಟರಿಗೆ ಹೋಗಿ ಪರದೆಯಲ್ಲಿ ನೋಡಬೇಕು, ಅಲ್ಲಿಂದಲೇ ಪ್ರಶ್ನೆ ಕೇಳಬೇಕು. ಜೂಮ್ ಎಂಬ ಶಬ್ದ ಮನೆಮಾತಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಆಮೇಲೆ ಅಲ್ಲಿಯ ಶೈಕ್ಷಣಿಕ ತಂತ್ರಜ್ಞಾನ ವಿಭಾಗದ ಪ್ರೊ. ಸಹನಾ ಮೂರ್ತಿ, ಪ್ರೊ. ಶ್ರೀಧರ್ ಅಯ್ಯರ್ ಮುಂತಾದವರು ಕಲಿಸುವ ವಿಧಾನದ ಬಗ್ಗೆಯೇ ಅಧ್ಯಾಪಕರಿಗೆ ಕಾರ್ಯಕ್ರಮ ನಡೆಸಿದರು.

ಅವರು ಹೇಳಿಕೊಟ್ಟದ್ದರಲ್ಲಿ ಒಂದು ‘ಥಿಂಕ್-ಪೇರ್-ಶೇರ್’. ಮೊದಲು ಪ್ರಶ್ನೆ ಕೊಡಿ, ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಬರೆಯಲಿ. ಆಮೇಲೆ ಪಕ್ಕದವರೊಡನೆ ಚರ್ಚೆ. ಕೊನೆಗೆ ಇಡೀ ತರಗತಿಯೊಡನೆ. ಇದು ಹತ್ತು ಮಕ್ಕಳ ತರಗತಿಗೆ ಸರಿ, ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಐಐಟಿಯಲ್ಲಿ ಇದನ್ನು ನಾನೂರಕ್ಕೂ ಹೆಚ್ಚು ಮಕ್ಕಳಿದ್ದ ಮೊದಲ ವರ್ಷದ ಪ್ರೋಗ್ರಾಮಿಂಗ್ ತರಗತಿಯಲ್ಲೇ ಮಾಡಿ, ಹಿಂದೆ ಮುಂದೆ ಕೂತು ಲೆಕ್ಕ ಹಾಕಿದ್ದಾರೆ. ಸರಾಸರಿ ಶೇ. 83ರಷ್ಟು ಮಕ್ಕಳು ಕೆಲಸದಲ್ಲಿ ಮಗ್ನರಾಗಿದ್ದರು ಎಂದು 2013ರಲ್ಲಿ ಪ್ರಬಂಧ ಬರೆದಿದ್ದಾರೆ.

ಹೊರಗಿನ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಸುಮಾರು ಶೇ. 34 ಮಂದಿ ಫೇಲಾದರೆ, ಮಕ್ಕಳನ್ನೇ ತೊಡಗಿಸಿದ ತರಗತಿಗಳಲ್ಲಿ ಸುಮಾರು ಶೇ. 22. ನನ್ನನ್ನು ಹೆಚ್ಚು ಕಾಡಿದ್ದು 2019ರ ಹಾರ್ವರ್ಡಿನ ಇನ್ನೊಂದು ಅಧ್ಯಯನ. ಅಲ್ಲಿ ಒಳ್ಳೆಯ ಉಪನ್ಯಾಸ ಕೇಳಿದ ಮಕ್ಕಳು ‘ನಾವು ಹೆಚ್ಚು ಕಲಿತೆವು’ ಎಂದರು, ತಾವೇ ತಿಣುಕಾಡಿ ಲೆಕ್ಕ ಬಿಡಿಸಿದವರು ‘ಕಡಿಮೆ ಕಲಿತೆವು’ ಎಂದರು. ಪರೀಕ್ಷೆಯಲ್ಲಿ ಆದದ್ದು ತಿರುಗುಮುರುಗು. ನಮ್ಮ ಬೈಂದೂರಿನ ಹುಡುಗ ಹೇಳಿದ್ದು ಇದನ್ನೇ ಅಲ್ಲವೇ? ಕೇಳುವಾಗ ಎಲ್ಲ ಗೊತ್ತಾಗುತ್ತದೆ. ರೂಮಿಗೆ ಹೋದರೆ ಎಂತದೂ ಇಲ್ಲ.

ಎಪ್ಪತ್ತು ಸ್ಲೈಡು ಹದಿನೈದಕ್ಕೆ ಇಳಿಯಿತು. ಮೆಸ್ ರಸೀದಿಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ಹಂಚಿದೆ. ಮೊದಲು ಒಬ್ಬೊಬ್ಬರೇ, ಆಮೇಲೆ ಇಬ್ಬಿಬ್ಬರು. ಮೊದಲ ಸಲ ಮೀನು ಮಾರುಕಟ್ಟೆಯಂತೆ ಗದ್ದಲ. ಪಕ್ಕದ ಕೋಣೆಯಿಂದ ಒಬ್ಬರು ಬಂದು ಇಣುಕಿ ಹೋದರು. ಒಬ್ಬ ಹುಡುಗಿ ನೇರವಾಗಿಯೇ ಕೇಳಿದಳು, “ಸರ್, ಇವತ್ತು ಪಾಠ ಮಾಡೋದಿಲ್ವಾ?” ಮುಖ ಸಣ್ಣದಾಯಿತು. ಮೂರನೇ ವಾರ ಹಿಂದಿನ ಬೆಂಚಿನಲ್ಲಿ ನಮ್ಮ ಹುಡುಗ ತನ್ನ ಪಕ್ಕದವನಿಗೆ ಹಿಂದಿಯಲ್ಲಿ, ಕ್ಯಾಂಟೀನಿನ ಉದ್ರಿ ಪುಸ್ತಕವನ್ನೇ ಉದಾಹರಣೆ ಮಾಡಿ, ಲೆಫ್ಟ್ ಜಾಯಿನ್ ವಿವರಿಸುತ್ತಿದ್ದ. ಹಣ ಕೊಡದವನ ಹೆಸರೂ ಪಟ್ಟಿಯಲ್ಲಿ ಇರಬೇಕು, ಎದುರಿಗೆ ಖಾಲಿ ಜಾಗ ಇರಬೇಕು, ಇಲ್ಲದಿದ್ದರೆ ಬಾಕಿ ಯಾರದೆಂದು ಮಾವನಿಗೆ ಗೊತ್ತಾಗುವುದು ಹೇಗೆ? ಅದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವರು ಹುಡುಗನಾಗಿ ಊರಿಂದ ಬಂದು, ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. “ಇದರಲ್ಲಿ ಹೊಸತು ಎಂತ ಉಂಟು ಮಾರಾಯ?” ಎಂದರು. “ನಮ್ಮ ಮಾಸ್ತರರು ಹಗಲು ಆಫೀಸಿನಲ್ಲಿ ಕಾರಕೂನರು. ನಾವು ತೂಕಡಿಸ್ತಿದ್ದೆವು. ಅವರು ಉಪನ್ಯಾಸ ಕೊಟ್ಟರೆ ಇಡೀ ಕ್ಲಾಸು ಮಲಗ್ತಿತ್ತು. ನಿನ್ನೆಯ ಪಾಠ ಪಕ್ಕದವನಿಗೆ ಹೇಳು ಅಂತ ಎಬ್ಬಿಸಿ ನಿಲ್ಲಿಸ್ತಿದ್ದರು.” ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳ ದೀಪ ಹೊತ್ತಿದ್ದು ಆ ರಾತ್ರಿಶಾಲೆಗಳಿಂದ. ಅವರಿಗೆ ಯಾವ ತರಬೇತಿ ಇತ್ತೋ ಇಲ್ಲವೋ, ಎದುರಿಗೆ ಕೂತವನ ದಣಿವು ಮಾತ್ರ ಚೆನ್ನಾಗಿ ಗೊತ್ತಿತ್ತು.

ಈಗ ಮೇಡಂ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕಾರಣವೇ ಅದು. ಇಷ್ಟೆಲ್ಲ ಬಲ್ಲ ಅವರು ಹನ್ನೊಂದು ವರ್ಷದಿಂದ ಸಿ.ಎಚ್.ಬಿ., ಅಂದರೆ ಗಂಟೆ ಲೆಕ್ಕದ ಅಧ್ಯಾಪಕಿ. ಮರಾಠಿಯಲ್ಲಿ ‘ತಾಸಿಕಾ ತತ್ತ್ವ’ ಎನ್ನುತ್ತಾರೆ. ಎಷ್ಟು ತಾಸು ಪಾಠವೋ ಅಷ್ಟೇ ಹಣ. ಕಾಯಂ ಅಧ್ಯಾಪಕರು ತರಬೇತಿಗೆ ಹೋದರೆ ಅದು ಡ್ಯೂಟಿ ರಜೆ. ಇವರು ಹೋದರೆ ಆ ದಿನಗಳ ಸಂಬಳವಿಲ್ಲ. ಎರಡು ವಾರದ ವರ್ಕ್‌ಶಾಪಿಗೆ ಒಮ್ಮೆ ಹೋದದ್ದಕ್ಕೆ ಆ ತಿಂಗಳು ಅರ್ಧ ಹಣವೂ ಕೈಗೆ ಬರಲಿಲ್ಲವಂತೆ. ಅಂದಿನಿಂದ ದೀಪಾವಳಿ ರಜೆಯಲ್ಲಿ ನಡೆಯುವಂಥದ್ದನ್ನೇ ಹುಡುಕುತ್ತಾರೆ. ಬಡ್ತಿಯೇ ಇಲ್ಲದ ಕೆಲಸದಲ್ಲಿ ಸರ್ಟಿಫಿಕೇಟಿನಿಂದ ಅವರಿಗೆ ಲಾಭವೂ ಇಲ್ಲ. “ಹಾಗಾದರೆ ಯಾಕೆ ಹೋಗ್ತೀರಿ ಮೇಡಂ?” ಎಂದು ಕೇಳಿದೆ. “ಮಕ್ಕಳು ನನ್ನೆದುರು ಕೂತಿರ್ತಾರಲ್ಲ ಸರ್, ಕಾಯಂ ಅವರೆದುರು ಮಾತ್ರ ಅಲ್ವಲ್ಲ” ಎಂದರು. ನಮ್ಮ ಮಕ್ಕಳಿಗೆ ಪಾಠ ಹೇಳುವವರಲ್ಲಿ ಇಂಥವರು ಎಷ್ಟು ಮಂದಿ ಎಂದು ನಿಮ್ಮ ಮನೆಯ ಕಾಲೇಜು ಹುಡುಗರನ್ನೇ ಕೇಳಿ ನೋಡಿ. ಹೆಚ್ಚು ತರಬೇತಿ ಬೇಕಾದವರಿಗೇ ತರಬೇತಿ ದುಬಾರಿಯಾಗಿದೆ.

ಸರಕಾರ ಏನು ಮಾಡಬೇಕೆಂದು ಬರೆಯಲು ಬೇರೆಯವರಿದ್ದಾರೆ. ನಾವು ಏನು ಮಾಡಬಹುದು ಎಂಬುದಷ್ಟೇ ನನ್ನ ಮಾತು.

ಅಧ್ಯಾಪಕ ಮಿತ್ರರೇ, ಕೆಲಸ ಬಿಡದೆ ಕಲಿಯುವ ದಾರಿಗಳಿವೆ. ಸ್ವಯಂ ಮತ್ತು ಎನ್‌ಪಿಟಿಇಎಲ್ ತಾಣಗಳ ಕೋರ್ಸುಗಳನ್ನು ನೋಡಲು ಹಣ ಕೊಡಬೇಕಾಗಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಅವುಗಳಲ್ಲಿ ಕೆಲವನ್ನು ಎಐಸಿಟಿಇ ಎಫ್‌ಡಿಪಿ ಎಂದು ಮಾನ್ಯ ಮಾಡುತ್ತದೆ. ಬೆಂಗಳೂರಿನ ಐಐಎಸ್ಸಿಯ ಪ್ರೊ. ಎನ್. ಜೆ. ರಾವ್ ಮತ್ತು ಪ್ರೊ. ಕೆ. ರಜನೀಕಾಂತ್ ನಡೆಸಿದ ‘ಟೇಲ್’ ಎಂಬ ಕೋರ್ಸು ಎಂಜಿನಿಯರಿಂಗ್ ಅಧ್ಯಾಪಕರಿಗಾಗಿ ಮಾಡಿದ್ದಾದರೂ, ಪ್ರಶ್ನೆಪತ್ರಿಕೆ ತಯಾರಿಸುವ ಯಾರಿಗೂ ಉಪಯೋಗಕ್ಕೆ ಬರುತ್ತದೆ. ಇದಾವುದೂ ಆಗದಿದ್ದರೆ ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. ಅದಕ್ಕೆ ಶುಲ್ಕವಿಲ್ಲ, ಸ್ವಲ್ಪ ಧೈರ್ಯ ಬೇಕು.

ನನ್ನಂಥ ಐಟಿಯವರೇ, ಗೆಸ್ಟ್ ಲೆಕ್ಚರ್ ಎಂದು ಹೋಗಿ ಸ್ಲೈಡು ಓಡಿಸಿ ಬರುವುದರಿಂದ ಫೇಸ್‌ಬುಕ್ಕಿಗೆ ಒಂದು ಫೋಟೋ ಸಿಗುತ್ತದೆ, ಅಷ್ಟೇ. ಅದರ ಬದಲು ನಮ್ಮ ಕೆಲಸದ ನಿಜವಾದ ನಾಲ್ಕು ಸಮಸ್ಯೆಗಳನ್ನು ಬರೆದು ಅಲ್ಲಿಯ ಅಧ್ಯಾಪಕರ ಕೈಗೆ ಕೊಟ್ಟರೆ ವರ್ಷಗಟ್ಟಲೆ ಬಳಕೆಯಾಗುತ್ತವೆ.

ಇನ್ನು ನಮ್ಮ ಸಂಘಗಳು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಎಲ್ಲೆಡೆ ನಮ್ಮವರ ಸಂಘಗಳಿವೆ, ಕೆಲವಕ್ಕೆ ಸ್ವಂತ ಸಭಾಗೃಹವೂ ಇದೆ. ಡೊಂಬಿವಲಿ ಕರ್ನಾಟಕ ಸಂಘವಂತೂ ಮಂಜುನಾಥ ಶಾಲೆ, ಕಾಲೇಜನ್ನೇ ನಡೆಸುತ್ತ ಬಂದಿದೆ. ಪ್ರತಿವರ್ಷ ನಾವು ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುತ್ತೇವೆ. ಶಾಲು, ಹಾರ, ಸ್ಮರಣಿಕೆ. ಒಳ್ಳೆಯದೇ. ಆ ಖರ್ಚಿನ ಒಂದು ಪಾಲನ್ನು ದೀಪಾವಳಿ ರಜೆಯಲ್ಲಿ ಗಂಟೆ ಲೆಕ್ಕದ ಅಧ್ಯಾಪಕರಿಗಾಗಿ ಎರಡು ದಿನದ ಕಾರ್ಯಾಗಾರ ಮಾಡಲು, ಬಂದವರಿಗೆ ಆ ಎರಡು ದಿನದ ಹಣ ಕೈಗೆ ಕೊಡಲು ಬಳಸಬಹುದಲ್ಲವೇ? ಕನ್ನಡದವರಿಗೆ ಮಾತ್ರ ಎಂದು ಬೋರ್ಡು ಹಾಕುವುದೂ ಬೇಡ. ನಮ್ಮ ಮಕ್ಕಳಿಗೆ ಕಲಿಸುವವರು ಮರಾಠಿಯವರೂ ಹೌದು, ಮಲಯಾಳಿಗಳೂ ಹೌದು. ನಾನು ನಮ್ಮ ಸಂಘದಲ್ಲಿ ಈ ಮಾತು ಎತ್ತಿದ್ದೇನೆ. ‘ಮುಂದಿನ ಮೀಟಿಂಗಿನಲ್ಲಿ ನೋಡುವಾ’ ಎಂದಿದ್ದಾರೆ. ಮುಂದಿನ ಮೀಟಿಂಗಿಗೂ ಹೋಗುತ್ತೇನೆ.

ಹುಡುಗ ಏನಾದ ಎಂದು ಕೇಳುತ್ತೀರಾ? ಡೇಟಾಬೇಸಿನಲ್ಲಿ ಪಾಸಾದ. ಗಣಿತದಲ್ಲಿ ಎ.ಟಿ.ಕೆ.ಟಿ. ಉಳಿದಿದೆ. ಗಲ್ಲಾದಲ್ಲಿ ಈಗಲೂ ಸಂಜೆ ಮಾತ್ರ ಕೂರುತ್ತಾನೆ. ಮೇಡಂ ಈ ಜೂನಿನಲ್ಲಿ ಮತ್ತೆ ಹೊಸ ಅರ್ಜಿ ಬರೆದು, ಹೊಸ ಇಂಟರ್‌ವ್ಯೂ ಕೊಟ್ಟು, ಹನ್ನೆರಡನೇ ವರ್ಷಕ್ಕೆ ಕಾಲಿಟ್ಟಿದ್ದಾರೆ.

ನಿಮಗೆ ಪಾಠ ಹೇಳಿದವರಲ್ಲಿ ‘ಅರ್ಥ ಆಯ್ತಾ?’ ಎಂದು ಕೇಳಿ, ಉತ್ತರಕ್ಕೆ ನಿಜವಾಗಿ ಕಾದು ನಿಂತವರು ಯಾರಾದರೂ ಇದ್ದರೆ ಅವರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ತಿಂಗಳು ಈ ಅಂಕಣದ ಜಾಗ ಅವರಿಗೇ ಇರಲಿ.