ದಾರಿ ತೋರಲು ಒಂದು ಬಾಣ ಸಾಕು

ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಮಗ ಅಪ್ಪನ ಮುಂದೆ ಮೊದಲ ಬೇಡಿಕೆ ಇಡುತ್ತಾನೆ: “ಅಪ್ಪಾ, ಬೈಕಿನ ಹ್ಯಾಂಡಲ್‌ಗೆ ಒಂದು ಮೊಬೈಲ್ ಹೋಲ್ಡರ್ ಹಾಕಿಸಿಕೊಡಿ. ಮ್ಯಾಪ್ ನೋಡಿಕೊಂಡು ಹೋಗಬಹುದು.” ಅಪ್ಪನ ಉತ್ತರ ಸಿದ್ಧವಾಗಿಯೇ ಇರುತ್ತದೆ: “ನಾವೇನು ಮ್ಯಾಪ್ ಇಟ್ಟುಕೊಂಡು ಓಡಾಡಿದೆವಾ? ದಾರಿಯಲ್ಲಿ ಸಿಕ್ಕವರನ್ನು ಕೇಳಿದರಾಯಿತು.” ಅಮ್ಮನಿಗೆ ಹೋಲ್ಡರೂ ಬೇಡ, ಮ್ಯಾಪೂ ಬೇಡ. ಮಗ ಬಸ್ಸಿನಲ್ಲಿ ಹೋಗಿ ಬಂದರೆ ಸಾಕು.

ಈ ಮಾತುಕತೆ ಇಂದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಷ್ಟು ಸತ್ಯ ಎಂಬುದನ್ನು ಜಗಳವಾಡದೆ ಲೆಕ್ಕ ಹಾಕಿಯೇ ತಿಳಿಯಬಹುದು.

ಎರಡು ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಬೈಕ್ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಪರದೆಯ ಮೇಲಿನ ನಕ್ಷೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಸವಾರನಿಗೆ ಎರಡು ಸೆಕೆಂಡ್ ಬೇಕಾಯಿತು ಎನ್ನೋಣ. ಅಷ್ಟರಲ್ಲಿ ಬೈಕ್ 33 ಮೀಟರ್ ಮುಂದೆ ಹೋಗಿರುತ್ತದೆ. ಕ್ರಿಕೆಟ್ ಪಿಚ್‌ನ ಉದ್ದ 20.12 ಮೀಟರ್. ಅಂದರೆ ಒಂದೂವರೆ ಪಿಚ್‌ಗಿಂತ ಹೆಚ್ಚು ದೂರವನ್ನು ಆತ ರಸ್ತೆ ನೋಡದೆಯೇ ಸಾಗಿದಂತಾಯಿತು.

ಅದೇ ಕ್ಷಣದಲ್ಲಿ ಮಗುವೊಂದು ರಸ್ತೆಗೆ ಓಡಿ ಬಂದರೆ? ಕಣ್ಣು ಮೇಲೆತ್ತಿ, ಅಪಾಯವನ್ನು ಗ್ರಹಿಸಿ, ಬ್ರೇಕ್ ಒತ್ತಲು ಇನ್ನೊಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಮತ್ತೆ 17 ಮೀಟರ್. ಬ್ರೇಕ್ ಹಿಡಿದ ಮೇಲೆ ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರ್‌ನಷ್ಟು ಕುಗ್ಗುತ್ತದೆ ಎಂದುಕೊಂಡರೆ, ಪಠ್ಯಪುಸ್ತಕದ ಚಲನೆಯ ಸಮೀಕರಣದ ಪ್ರಕಾರ ಬೈಕ್ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 73 ಮೀಟರ್ ಆಯಿತು. ಮಳೆಯ ರಸ್ತೆಯಾದರೆ ಇನ್ನೂ ಹೆಚ್ಚು.

ಈಗ ಸವಾರ ಅರ್ಧ ಸೆಕೆಂಡ್ ಮಾತ್ರ ಕೆಳಗೆ ನೋಡಿದ ಎಂದು ಲೆಕ್ಕ ಬದಲಿಸಿ. ಒಟ್ಟು ದೂರ 48 ಮೀಟರ್‌ಗೆ ಇಳಿಯುತ್ತದೆ. ಬೈಕ್ ಅದೇ, ಬ್ರೇಕ್ ಅದೇ, ಸವಾರನೂ ಅವನೇ. ಉಳಿದ 25 ಮೀಟರ್ ಮಾತ್ರ ಆತ ಎಷ್ಟು ಹೊತ್ತು ಪರದೆ ನೋಡಿದ ಎಂಬುದರಿಂದ ಬಂದದ್ದು. ದಾರಿ ತೋರಿಸುವ ಸಾಧನವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಅದು ಕಣ್ಣನ್ನು ಎಷ್ಟು ಹೊತ್ತು ಬೇಡುತ್ತದೆ?

ಕಣ್ಣಿನ ಕಷ್ಟ

ನಮ್ಮ ಕಣ್ಣು ಎದುರಿನ ನೋಟವನ್ನೆಲ್ಲ ಒಂದೇ ಸ್ಪಷ್ಟತೆಯಿಂದ ಕಾಣುವುದಿಲ್ಲ. ಅಕ್ಷಿಪಟಲದ ನಡುವಿನ ಒಂದು ಪುಟ್ಟ ಕುಳಿಯಲ್ಲಿ ಮಾತ್ರ ನೋಟ ತೀಕ್ಷ್ಣ. ತೋಳು ಚಾಚಿ ಹಿಡಿದಾಗ ಹೆಬ್ಬೆರಳಿನ ಉಗುರು ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ಸರಿಸುಮಾರು ಅಷ್ಟೇ ಅದರ ವ್ಯಾಪ್ತಿ. ದೊಡ್ಡ ನಕ್ಷೆಯನ್ನು ಓದಬೇಕಾದರೆ ಕಣ್ಣು ಈ ಪುಟ್ಟ ಕಿಟಕಿಯನ್ನು ಇಲ್ಲಿಂದಲ್ಲಿಗೆ ಹೊರಳಿಸುತ್ತಾ ಹೋಗಬೇಕು. ಜೊತೆಗೆ ದೂರದ ರಸ್ತೆಯಿಂದ ಹತ್ತಿರದ ಪರದೆಗೆ ಬಂದಾಗ ಕಣ್ಣಿನ ಮಸೂರ ತನ್ನ ಆಕಾರವನ್ನೇ ಬದಲಿಸಿಕೊಳ್ಳಬೇಕು. ಚಾಳೀಸು ಬಂದ ಅಪ್ಪಂದಿರಿಗೆ ಇದು ಇನ್ನೂ ಕಷ್ಟ. ಮಗನಿಗೆ ಕಾಣುವ ಸಣ್ಣ ಅಕ್ಷರ ಅಪ್ಪನಿಗೆ ಬರೀ ಇರುವೆ ಸಾಲು.

ಆದರೆ ದಪ್ಪನೆಯ ಒಂದು ಬಾಣ, ಅದರ ಕೆಳಗೆ “300 ಮೀ.” ಎಂಬ ಅಂಕಿ ಇದ್ದರೆ ಓದುವ ಕೆಲಸವೇ ಇಲ್ಲ. ಸ್ಪೀಡೋಮೀಟರಿನ ಮುಳ್ಳನ್ನು ನೋಡಿದ ಹಾಗೆ ಒಂದು ನೋಟ ಸಾಕು.

ಮರುಭೂಮಿಯಲ್ಲೂ ಬಾಣವೇ

ಇಷ್ಟು ಸರಳವಾದದ್ದು ಸಾಕಾದೀತೇ ಎಂಬ ಸಂದೇಹ ಸಹಜ. ಇದಕ್ಕೆ ಡಕಾರ್ ರ‍್ಯಾಲಿಯ ಕಡೆ ನೋಡಬಹುದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಈ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಆ ವರ್ಷ ರ‍್ಯಾಲಿ ನಡೆದದ್ದು ದಕ್ಷಿಣ ಅಮೆರಿಕದಲ್ಲಿ. ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮರಳು, ಬೆಟ್ಟ, ಉಪ್ಪಿನ ಬಯಲುಗಳ ನಡುವೆ. ಅಂಥ ಕಡೆಯೂ ಸವಾರರ ಮುಂದೆ ಬಣ್ಣದ ನಕ್ಷೆ ಇರಲಿಲ್ಲ. ಹ್ಯಾಂಡಲ್ ಮೇಲಿನ ಪೆಟ್ಟಿಗೆಯಲ್ಲಿ ಕಾಗದದ ಸುರುಳಿಯೊಂದು ಇತ್ತು. ಅದರಲ್ಲಿ ಸಾಲು ಸಾಲಾಗಿ ದೂರದ ಅಂಕಿ, ತಿರುವಿನ ಪುಟ್ಟ ಚಿತ್ರ, ಅಪಾಯದ ಗುರುತು. ಒಂದು ತಿರುವು ದಾಟಿದ ಮೇಲೆ ಸುರುಳಿಯನ್ನು ಸರಿಸಿ ಮುಂದಿನದನ್ನು ನೋಡುವುದು. ಈಚಿನ ವರ್ಷಗಳಲ್ಲಿ ಕಾಗದದ ಜಾಗಕ್ಕೆ ವಿದ್ಯುನ್ಮಾನ ಪರದೆ ಬಂದಿದೆ. ಆದರೂ ತೋರಿಸುವ ವಿಷಯ ಅದೇ: ಎಷ್ಟು ದೂರ, ಯಾವ ಕಡೆ.

ಅಂಗಡಿಯಲ್ಲಿ ಸಿಗುವುದೇನು?

ಇಂದು ಸಿಗುವ ಸಾಧನಗಳನ್ನು ಮೂರು ಗುಂಪು ಮಾಡಬಹುದು. ಮೊದಲನೆಯದು, ಹೋಲ್ಡರಿನಲ್ಲಿ ಸಿಕ್ಕಿಸಿದ ಮೊಬೈಲ್. ಖರ್ಚು ಕಡಿಮೆ. ಆದರೆ ಬಿಸಿಲಿಗೆ ಪರದೆ ಮಂಕಾಗುತ್ತದೆ, ಮಳೆಹನಿ ಬಿದ್ದರೆ ಸ್ಪರ್ಶ ಗಲಿಬಿಲಿಗೊಳ್ಳುತ್ತದೆ, ನಡುವೆ ಗೆಳೆಯರ ಸಂದೇಶಗಳೂ ಇಣುಕುತ್ತವೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಅನೇಕ ಫೋನುಗಳ ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ಮಸೂರವನ್ನು ಸರಿಹೊಂದಿಸುವ ಸೂಕ್ಷ್ಮ ವ್ಯವಸ್ಥೆ ಇರುತ್ತದೆ. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ಕಂಪನ ಹ್ಯಾಂಡಲ್ ಮೂಲಕ ಬಂದರೆ ಈ ವ್ಯವಸ್ಥೆ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ತನ್ನ ಗ್ರಾಹಕರನ್ನು ಎಚ್ಚರಿಸಿತು. ಹೋಲ್ಡರ್ ಹಾಕಲೇಬೇಕಾದರೆ ಕಂಪನ ತಗ್ಗಿಸುವ ರಬ್ಬರ್ ಇರುವಂಥದ್ದನ್ನು ಆರಿಸುವುದು ಮೇಲು.

ಎರಡನೆಯದು, ಬೈಕಿಗಾಗಿಯೇ ತಯಾರಾದ ದೊಡ್ಡ ಪರದೆಯ ಸಾಧನ. ಗಾರ್ಮಿನ್ ಕಂಪನಿಯ ಜೂಮೋ ಇಂಥದ್ದು. ಉಪಗ್ರಹದ ಸಂಕೇತ ಹಿಡಿಯುವ ಗ್ರಾಹಕ, ನಕ್ಷೆ ಎಲ್ಲವೂ ಅದರೊಳಗೇ ಇರುತ್ತವೆ. ಮಳೆಗೆ ಹೆದರದು, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಆದರೆ ಬೆಲೆ ಹೆಚ್ಚು. ಕಾಲೇಜಿಗೆ ಹೋಗಿಬರುವ ಹುಡುಗನಿಗೆ ಇದು ಗುಬ್ಬಿಗೆ ಬ್ರಹ್ಮಾಸ್ತ್ರ.

ಮೂರನೆಯದು, ಬಾಣ ತೋರಿಸುವ ಪುಟ್ಟ ಗುಂಡು ಸಾಧನ. ರಾಯಲ್ ಎನ್‌ಫೀಲ್ಡ್ 2020ರ ನವೆಂಬರ್‌ನಲ್ಲಿ ತನ್ನ ಮೀಟಿಯೋರ್ 350 ಬೈಕಿನ ಜೊತೆಗೆ ತಂದ ‘ಟ್ರಿಪ್ಪರ್’ ಈ ಬಗೆಯದು. ಸ್ಪೀಡೋಮೀಟರಿನ ಪಕ್ಕದಲ್ಲಿ ಗಡಿಯಾರದಂಥ ಒಂದು ಬಿಲ್ಲೆ. ಫೋನ್ ಜೇಬಿನಲ್ಲಿಯೇ ಇರುತ್ತದೆ. ದಾರಿಯ ಲೆಕ್ಕವೆಲ್ಲ ಅದರದ್ದು. ಬ್ಲೂಟೂತ್ ಮೂಲಕ ಬಂದ ಬಾಣ ಮತ್ತು ದೂರ ಮಾತ್ರ ಬಿಲ್ಲೆಯ ಮೇಲೆ ಕಾಣುತ್ತವೆ. ಬ್ರಿಟನ್ನಿನ ‘ಬೀಲೈನ್’ ಸಾಧನವೂ ಇದೇ ಜಾತಿಯದು. ಮೊದಲು ಸೈಕಲ್‌ಗೆಂದು ಬಂದು ಆಮೇಲೆ ಬೈಕಿಗೂ ಬಂತು. ಜೇನುನೊಣ ಗೂಡಿಗೆ ಮರಳುವ ನೇರ ಹಾದಿಗೆ ಇಂಗ್ಲಿಷಿನಲ್ಲಿ ಇರುವ ಮಾತೇ ಅದರ ಹೆಸರು. ತಿರುವು ತಿರುವಿಗೂ ದಾರಿ ಹೇಳುವುದಲ್ಲದೆ, ಊರು ಯಾವ ದಿಕ್ಕಿನಲ್ಲಿದೆ ಎಂದಷ್ಟೇ ದಿಕ್ಸೂಚಿಯಂತೆ ತೋರಿಸುವ ವಿಧಾನವೂ ಅದರಲ್ಲಿದೆ.

ಆದರೆ ಜೇನುನೊಣಕ್ಕೆ ರೆಕ್ಕೆ ಇದೆ, ಬೈಕಿಗೆ ಇಲ್ಲ! ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ಹೇರ್‌ಪಿನ್ ತಿರುವುಗಳೇ 14. ಅಲ್ಲಿ ನೇರ ದಿಕ್ಕು ತೋರಿಸುವ ಬಾಣ ಒಮ್ಮೆ ಬಂಡೆಯ ಕಡೆಗೆ, ಇನ್ನೊಮ್ಮೆ ಪ್ರಪಾತದ ಕಡೆಗೆ ತಿರುಗುತ್ತಿರುತ್ತದೆ. ಘಾಟಿಗೂ ಒನ್ ವೇ ತುಂಬಿದ ನಗರಕ್ಕೂ ತಿರುವು ಹೇಳುವ ವಿಧಾನವೇ ಸರಿ. ದಿಕ್ಕು ತೋರಿಸುವ ವಿಧಾನ ಬಯಲುಸೀಮೆಯ ತೆರೆದ ರಸ್ತೆಗಳಿಗೆ ಚೆನ್ನ.

ಟವರ್ ಇಲ್ಲದ ಕಡೆ

ಮಲೆನಾಡಿನ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ದಾರಿ ತಪ್ಪುವುದಿಲ್ಲವೇ? ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ನಾವಿರುವ ಸ್ಥಳವನ್ನು ಹೇಳುವುದು ಟವರ್ ಅಲ್ಲ, ಉಪಗ್ರಹ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಸದಾ ತಮ್ಮ ಸ್ಥಾನ ಮತ್ತು ಸಮಯವನ್ನು ಬಿತ್ತರಿಸುತ್ತಿರುತ್ತವೆ. ಆ ಸಂಕೇತ ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಫೋನ್ ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ನಮ್ಮ ಇಸ್ರೋ ಕೂಡ ‘ನಾವಿಕ್’ ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದರ ಸಂಚರಣಾ ಕೇಂದ್ರ ಇರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ.

ಟವರ್ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲಿಯೇ ಆ ಪ್ರದೇಶದ ನಕ್ಷೆಯನ್ನು ಫೋನಿನಲ್ಲಿ ಉಳಿಸಿಕೊಂಡರೆ ಕಾಡಿನಲ್ಲೂ ಬಾಣ ತಿರುಗುತ್ತದೆ. ಬೈಕ್ ನಿಂತಿರುವಾಗ ಬಾಣ ಅತ್ತಿತ್ತ ಹೊರಳಿದರೆ ಗಾಬರಿ ಬೇಡ. ಉಪಗ್ರಹದ ಲೆಕ್ಕದಿಂದ ಸ್ಥಳ ತಿಳಿಯುತ್ತದೆ. ಮುಖ ಯಾವ ಕಡೆಗಿದೆ ಎಂಬುದು ಚಲಿಸಿದ ಮೇಲೆಯೇ ಗೊತ್ತಾಗುವುದು. ನಿಂತಾಗ ನೆರವಾಗುವ ಕಾಂತೀಯ ದಿಕ್ಸೂಚಿಯನ್ನು ಬೈಕಿನ ಕಬ್ಬಿಣ ದಾರಿ ತಪ್ಪಿಸುವುದುಂಟು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಸಾಧನವನ್ನು ಕೈಯಲ್ಲಿ ಹಿಡಿದು ಮೆಚ್ಚಬೇಡಿ. ಬೈಕಿನ ಮೇಲೆ ಕೂತು, ಹೆಲ್ಮೆಟ್ ಹಾಕಿಕೊಂಡು, ಬಿಸಿಲಿನಲ್ಲಿ ನೋಡಿ. ಐಪಿ 67 ಎಂಬ ಗುರುತಿದ್ದರೆ ಅದು ದೂಳು ತಡೆಯುತ್ತದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಾಳುತ್ತದೆ ಎಂದರ್ಥ. ನಮ್ಮ ಮುಂಗಾರಿಗೆ ಅಷ್ಟು ಬೇಕು. ರಾತ್ರಿ ಬೆಳಕು ತಾನಾಗಿ ಕಡಿಮೆಯಾಗುತ್ತದೆಯೇ ಎಂದು ಕೇಳಿ. ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವಾಹನ ಓಡಿಸುವಾಗ ಫೋನಿನಂಥ ಸಾಧನವನ್ನು ದಾರಿ ತಿಳಿಯಲು ಮಾತ್ರ ಬಳಸಬಹುದು. ಅದೂ ಚಾಲಕನ ಗಮನ ಕದಡದ ರೀತಿಯಲ್ಲಿ.

ದುಡ್ಡು ಕೊಡುವ ಮೊದಲು ಖರ್ಚಿಲ್ಲದ ಒಂದು ಪ್ರಯೋಗವಿದೆ. ಐದು ಸೆಂಟಿಮೀಟರ್ ಅಗಲದ ಎರಡು ವೃತ್ತಗಳನ್ನು ಕತ್ತರಿಸಿ. ಒಂದರಲ್ಲಿ ದಪ್ಪ ಬಾಣ ಮತ್ತು ಒಂದು ಅಂಕಿ, ಇನ್ನೊಂದರಲ್ಲಿ ರಸ್ತೆಗಳ ಹೆಸರಿರುವ ನಕ್ಷೆ ಬರೆಯಿರಿ. ಅರವತ್ತು ಸೆಂಟಿಮೀಟರ್ ದೂರದಲ್ಲಿಟ್ಟು, ಒಬ್ಬರು ನೋಡಿ ದಾರಿ ಹೇಳಲಿ, ಇನ್ನೊಬ್ಬರು ಕಾಲ ಅಳೆಯಲಿ. ಬಂದ ಸೆಕೆಂಡುಗಳನ್ನು 16.7ರಿಂದ ಗುಣಿಸಿ. ಕುರುಡಾಗಿ ಸಾಗಿದ ಮೀಟರ್‌ಗಳು ಎಷ್ಟೆಂದು ತಿಳಿಯುತ್ತದೆ.

ಕೊನೆಗೆ, ಅಪ್ಪ ಹೇಳಿದ್ದೂ ಪೂರ್ತಿ ಹಳೆಯ ಮಾತಲ್ಲ. ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಹಿರಿಯಡಕ, ಮಣಿಪಾಲ, ಉಡುಪಿ ಎಂದು ದಾರಿಯ ಊರುಗಳನ್ನು ಹೊರಡುವ ಮುನ್ನ ಒಮ್ಮೆ ಬಾಯಿಪಾಠ ಮಾಡಿಕೊಂಡವನಿಗೆ ಬಾಣವನ್ನು ನೋಡಬೇಕಾದ ಪ್ರಸಂಗವೇ ಕಡಿಮೆ. ಸಂದೇಹ ಬಂದರೆ ಬೈಕನ್ನು ಬದಿಗೆ ನಿಲ್ಲಿಸಿ, ಚಹಾದಂಗಡಿಯವರನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಹೋಲ್ಡರೋ ಬಿಲ್ಲೆಯೋ ಎಂಬ ತೀರ್ಮಾನಕ್ಕೆ ಮೊದಲು ಅಪ್ಪ, ಮಗ ಇಬ್ಬರೂ ಕೂತು ಆ ಪ್ರಯೋಗ ಮಾಡಿ ನೋಡಲಿ. ಸೆಕೆಂಡಿನ ಲೆಕ್ಕವನ್ನು ಅಮ್ಮ ಬರೆದುಕೊಳ್ಳಲಿ.