ಬದಲಾವಣೆಯೊಡನೆ ಕಾರಣವೂ ಇರಲಿ

ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವ ತಂದೆ, ಚಿಕ್ಕಪ್ಪ, ಅಣ್ಣಂದಿರಿರುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಯಂತ್ರಭಾಗದ ಡ್ರಾಯಿಂಗೊಂದು ಕೈಗೆ ಬಂದಾಗ ಅವರು ಮೊದಲು ನೋಡುವುದೇನೆಂದು ಕೇಳಿರಿ. ಹಾಳೆಯ ಮೂಲೆಯಲ್ಲೊಂದು ಪುಟ್ಟ ಕೋಷ್ಟಕವಿರುತ್ತದೆ. ಯಾವ ಅಳತೆ ಬದಲಾಯಿತು, ಎಂದು ಬದಲಾಯಿತು, ಯಾರು ಒಪ್ಪಿ ಸಹಿ ಹಾಕಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಹಳೆಯ ಡ್ರಾಯಿಂಗನ್ನು ನಂಬಿ ಕೆಲಸ ಮಾಡಿದರೆ ದಿನದ ದುಡಿಮೆಯೆಲ್ಲ ಗುಜರಿಗೆ ಹೋದೀತು. ಈ ಶಿಸ್ತು ಗಣಕಯಂತ್ರದ ಕೆಲಸಕ್ಕೂ ಬೇಕು, ಶಾಲೆಯಲ್ಲಿಯೇ ಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಿತ್ರರಲ್ಲಿ ಹಲವರಿಗೆ ಪ್ರಿಯವಾದ ‘ಫ್ಲೈಟ್‌ಗಿಯರ್’ ಎಂಬ ವಿಮಾನ ಹಾರಾಟದ ಸಿಮ್ಯುಲೇಟರನ್ನೇ ತೆಗೆದುಕೊಳ್ಳೋಣ. 1996ರಲ್ಲಿ ಇದರ ಯೋಜನೆ ಹುಟ್ಟಿತು; ಮರುವರ್ಷ ಮೊದಲ ಆವೃತ್ತಿ ಹೊರಬಂದಿತು. ಇದಕ್ಕೆ ಒಡೆಯನೆಂಬ ಕಂಪೆನಿಯಿಲ್ಲ. ನಾನಾ ದೇಶಗಳ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಇದನ್ನು ಕಟ್ಟುತ್ತ ಬಂದಿದ್ದಾರೆ. ಇದರ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು. ಒಬ್ಬರ ಮುಖ ಒಬ್ಬರು ಕಾಣದ ಇಷ್ಟು ಜನ ಒಂದೇ ಬರಹಕ್ಕೆ ಕೈಹಾಕಿಯೂ ಅದು ಕಲಸುಮೇಲೋಗರವಾಗಲಿಲ್ಲವೇಕೆ? ಆವೃತ್ತಿ ನಿಯಂತ್ರಣವೆಂಬ ವ್ಯವಸ್ಥೆಯಿಂದ. ಮೊದಲು ಸಿವಿಎಸ್ ಎಂಬ ಸಾಧನವಿತ್ತು. 2010ರಲ್ಲಿ ಗಿಟ್‌ಗೆ ಬದಲಾಯಿತು. ಲಿನಕ್ಸ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಸಾಧನವೇ ಈ ಗಿಟ್.

ಗಿಟ್ ಪ್ರತಿಯೊಂದು ಬದಲಾವಣೆಯನ್ನೂ ಹೆಸರು, ವೇಳೆ, ಒಂದು ಒಕ್ಕಣೆ ಇವುಗಳೊಡನೆ ದಾಖಲಿಸುತ್ತದೆ. ಹೆಸರನ್ನೂ ವೇಳೆಯನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ಒಕ್ಕಣೆಯನ್ನು ಮಾತ್ರ ಮನುಷ್ಯನೇ ಬರೆಯಬೇಕು. ನಮ್ಮವರು ಸೋಮಾರಿಗಳಾಗುವುದು ಅಲ್ಲಿಯೇ! ‘ಸರಿಪಡಿಸಿದೆ’ ಎಂದು ಒಂದು ಪದ ಗೀಚಿ ಎದ್ದುಬಿಡುತ್ತಾರೆ.

ಇದರ ಕೇಡು ಎಷ್ಟೆಂಬುದನ್ನು ಊಹಿಸಿಕೊಳ್ಳಿರಿ. ಮುಂದೆ ಒಂದೇ ಪ್ರೊಪೆಲರ್ ಉಳ್ಳ ಸಣ್ಣ ವಿಮಾನಗಳಲ್ಲಿ ಬಹುಪಾಲು, ಪೂರ್ಣ ಶಕ್ತಿಯಿಂದ ಮೇಲೇಳುವಾಗ ಎಡಕ್ಕೆ ಎಳೆಯುತ್ತವೆ. ಪೈಲಟ್ ಕುಳಿತಲ್ಲಿಂದ ನೋಡಿದರೆ ಪ್ರೊಪೆಲರ್ ಬಲಕ್ಕೆ ತಿರುಗುವುದೇ ಇದಕ್ಕೆ ಮೂಲ. ಆತನು ಬಲಗಾಲಿನ ಪೆಡಲನ್ನೊತ್ತಿ ನೇರ ಸಾಗಬೇಕು. ಇದನ್ನರಿತವನೊಬ್ಬನು ಸಿಮ್ಯುಲೇಟರಿನಲ್ಲಿಯೂ ಆ ಎಳೆತವನ್ನು ಶ್ರಮಪಟ್ಟು ಗಣಿಸಿ ಸೇರಿಸುತ್ತಾನೆ, ಕಾರಣ ಮಾತ್ರ ಬರೆಯುವುದಿಲ್ಲ. ಆರು ತಿಂಗಳ ಮೇಲೆ ಮತ್ತೊಬ್ಬ ಉತ್ಸಾಹಿ ಬಂದು, ವಿಮಾನ ಸೊಟ್ಟ ಓಡುತ್ತಿದೆ, ಇದು ತಪ್ಪೆಂದು ಬಗೆದು ಅಳಿಸಿಹಾಕುತ್ತಾನೆ. ಇಬ್ಬರೂ ಒಳ್ಳೆಯವರೆ. ‘ಎಡಕ್ಕೆಳೆಯುವುದು ದೋಷವಲ್ಲ, ನಿಜವಾದ ವಿಮಾನದ ಗುಣ’ ಎಂಬ ಒಂದು ಸಾಲಿದ್ದಿದ್ದರೆ ಎರಡನೆಯವನ ಕೈ ತಡೆಯುತ್ತಿತ್ತು.

ತಪ್ಪು ನುಸುಳಿದರೆ ಹುಡುಕುವ ಬಗೆಯೂ ಸೊಗಸಾಗಿದೆ. ಸಾವಿರ ಬದಲಾವಣೆಗಳ ನಡುವೆ ಎಲ್ಲೋ ಕೆಟ್ಟಿದೆಯೆನ್ನಿ. ನಡುವಿನದನ್ನು ಪರೀಕ್ಷಿಸಿದರೆ ಅರ್ಧ ಭಾಗ ತಳ್ಳಿಹೋಗುತ್ತದೆ. ಉಳಿದುದರ ನಡುವಿನದನ್ನು ನೋಡಿದರೆ ಮತ್ತರ್ಧ. ಹೀಗೆ ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಕೆಡಿಸಿದ ಬದಲಾವಣೆ ಸಿಕ್ಕುತ್ತದೆ. ಎರಡನ್ನು ಹತ್ತು ಸಲ ಗುಣಿಸಿದರೆ 1024 ಎಂಬುದನ್ನು ಬಲ್ಲವರಿಗೆ ಇದರಲ್ಲಿ ಮಂತ್ರವೇನೂ ಕಾಣದು. ಆದರೆ ಒಂದೇ ದಾಖಲೆಯಲ್ಲಿ ಇಪ್ಪತ್ತು ತಿದ್ದುಪಡಿಗಳನ್ನು ಗಂಟುಕಟ್ಟಿ ಹಾಕಿದವನಿಗೆ ಈ ಉಪಾಯ ಅಷ್ಟಾಗಿ ಒದಗದು.

ಯಾರು ಬೇಕಾದರೂ ತಿದ್ದಬಹುದಾದರೆ ಕೆಡಿಸುವವರೂ ಬಾರರೆ ಎಂದು ಹಿರಿಯರು ಕೇಳುವುದುಂಟು. ತಿದ್ದುಪಡಿಯನ್ನು ಸೂಚಿಸುವ ಬಾಗಿಲು ಎಲ್ಲರಿಗೂ ತೆರೆದಿದೆ. ಒಪ್ಪಿ ಒಳಗೆ ಸೇರಿಸುವವರು ಅನುಭವಿಗಳೇ. ಅವರು ಮೊದಲು ಓದುವುದೂ ಆ ಒಕ್ಕಣೆಯನ್ನೇ.

ಇನ್ನು, ಇಂಗ್ಲಿಷ್ ಬಾರದ ನಮಗೆ ಇದೆಲ್ಲ ದಕ್ಕೀತೆ ಎಂಬ ಅಳುಕು. ನಾನಾ ದೇಶದವರು ಕೂಡಿದಲ್ಲಿ ಒಕ್ಕಣೆ ಇಂಗ್ಲಿಷಿನಲ್ಲಿರುವುದು ಅನಿವಾರ್ಯವೆ. ಆದರೆ ಕಾರಣವನ್ನು ತಿಳಿಯಾಗಿ ಯೋಚಿಸಿ ಎರಡು ವಾಕ್ಯಗಳಲ್ಲಿ ಹೇಳುವ ಕಲೆಯನ್ನು ಕಲಿಯಲು ಕನ್ನಡಕ್ಕಿಂತ ಸಮೀಪದ ದಾರಿ ನಮಗಿಲ್ಲ. ಗಿಟ್ ಕನ್ನಡ ಲಿಪಿಯನ್ನು ಸ್ವೀಕರಿಸುತ್ತದೆ. ಶಾಲೆಯ ಭಂಡಾರದಲ್ಲಿ ಒಂದು ವರ್ಷ ಕನ್ನಡದಲ್ಲೇ ಬರೆದು ಪಳಗಿದವನು ಇಂಗ್ಲಿಷಿನ ಎರಡು ಸಾಲಿಗೆ ಹೆದರನು.

ಅಭ್ಯಾಸಕ್ಕೆ ವಸ್ತುವನ್ನೂ ಸೂಚಿಸುತ್ತೇವೆ. ಪುಣೆಯ ಹೊಸ ವಿಮಾನ ನಿಲ್ದಾಣವನ್ನು ಚಾಕಣದ ಬಳಿ ಕಟ್ಟಬೇಕೆಂದು ಬಹುಕಾಲ ಮಾತಾಗಿ, 2016ರಲ್ಲಿ ಆಯ್ಕೆ ಪುರಂದರದ ಕಡೆಗೆ ಹೋಯಿತು. ಆದರೇನು, ಸಿಮ್ಯುಲೇಟರಿನಲ್ಲಿ ಲೋಹೆಗಾಂವದಿಂದ ಮೇಲೆದ್ದು ಚಾಕಣದ ಮೇಲೆ ಹಾರಲು ಅಡ್ಡಿಯಿಲ್ಲ. 1660ರಲ್ಲಿ ಫಿರಂಗೋಜಿ ನರಸಾಳಾ ಶಾಯಿಸ್ತೆಖಾನನ ಸೇನೆಯನ್ನು ತಡೆದು ನಿಲ್ಲಿಸಿದ ಸಂಗ್ರಾಮದುರ್ಗ ಅಲ್ಲಿದೆ. ಅದರ ಉಳಿದ ಗೋಡೆಗಳನ್ನು ಅಳೆದು, ಸ್ವಂತ ಕ್ಯಾಮೆರಾದಿಂದ ಚಿತ್ರ ತೆಗೆದು (ಪರರ ಚಿತ್ರ ಕದ್ದರೆ ಅಲ್ಲಿ ಸ್ವೀಕರಿಸುವುದಿಲ್ಲ), ಮಾದರಿಯೊಂದನ್ನು ರಚಿಸಬಾರದೇಕೆ? ಎಂಟನೆಯ, ಒಂಬತ್ತನೆಯ ತರಗತಿಗಳು ಒಂದೊಂದು ಗೋಡೆಯನ್ನು ವಹಿಸಿಕೊಳ್ಳಲಿ. ಮೊದಲ ದಾಖಲೆಯಲ್ಲಿ ಅಳತೆಪಟ್ಟಿ ಯಾವುದು, ಅಳೆದವರು ಯಾರು, ಕುಸಿದ ಭಾಗದ ಎತ್ತರವನ್ನು ಏಕೆ ಅಷ್ಟೆಂದು ಇಟ್ಟರು ಎಂಬುದನ್ನು ಬರೆಯಲಿ.