ಅಟ್ಟದ ಮೇಲಿನ ಗಿಟಾರ್ ಕೆಳಗಿಳಿಸಿ

ಗಿಟಾರ್ ಕಲಿಯಲು ಹೊರಟ ನಮ್ಮೂರ ಹುಡುಗರು ಎಫ್ ಕಾರ್ಡ್ ಹತ್ತಿರ ಬಂದು ನಿಂತುಬಿಡುತ್ತಾರೆ. ತೋರುಬೆರಳೊಂದರಲ್ಲೇ ಆರೂ ತಂತಿ ಒತ್ತಬೇಕು. ಬೆರಳು ಉರಿಯುತ್ತದೆಯೇ ಹೊರತು ಸ್ವರ ಹೊರಡುವುದಿಲ್ಲ. ‘ಇದು ನಮ್ಮ ಕೈಗೆ ಒಗ್ಗಲ್ಲ’ ಎಂದು ಗಿಟಾರ್ ಅಟ್ಟ ಸೇರುತ್ತದೆ.

ನಾವು ನಾಲ್ವರು ಗೆಳೆಯರೂ ಹಾಗೇ ಅಂದುಕೊಂಡಿದ್ದೆವು. ಒಂದು ಭಾನುವಾರ ಗಿಟಾರ್ ಅದಲುಬದಲು ಮಾಡಿ ನುಡಿಸಿದಾಗಲೇ ದೋಷ ಬೆರಳಿನದಲ್ಲವೆಂದು ಗೊತ್ತಾಗಿದ್ದು. ಇಬ್ಬರ ಗಿಟಾರ್‌ನಲ್ಲಿ 12ನೇ ಫ್ರೆಟ್ ಬಳಿ ದಪ್ಪ ತಂತಿ 3.5 ಮಿ.ಮೀ. ಮೇಲಿತ್ತು. ಸ್ಯಾಡಲ್‌ನ ಬುಡವನ್ನು ಮರಳು ಕಾಗದದಲ್ಲಿ 2 ಮಿ.ಮೀ. ಉಜ್ಜಿದೆವು, ಅಲ್ಲಿ ಅದರ ಅರ್ಧದಷ್ಟು, ಅಂದರೆ 1 ಮಿ.ಮೀ. ಇಳಿಯಿತು. ಎಫ್ ಮಾತಾಡಿತು! ಈಗ ಒಂದು ಕ್ಯಾಪೊ, ಒಂದು ಟ್ಯೂನರ್ ನಾಲ್ವರಿಗೂ ಸಾಕು. ತಂತಿ ಯಾರ ಕೈಯಲ್ಲಿ ತುಂಡಾಗುತ್ತದೋ ದುಡ್ಡು ಅವರದ್ದು.

ಭಜನಾ ಮಂಡಳಿಯ ಹಾರ್ಮೋನಿಯಂ ಯಾರೊಬ್ಬರ ಸ್ವತ್ತೂ ಅಲ್ಲ. ಅದಕ್ಕೇ ಊರಲ್ಲಿ ನುಡಿಸುವವರು ತಯಾರಾದರು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕಗಳ ಪಕ್ಕ ಒಂದು ಗಿಟಾರ್ ಇಟ್ಟರೆ ತಪ್ಪೇನು? ಸರ್ಕಾರದ ಅನುದಾನಕ್ಕೆ ಕಾಯಬೇಕಿಲ್ಲ. ನಿಮ್ಮ ಅಟ್ಟದಲ್ಲೇ ಒಂದಿದೆಯಲ್ಲ, ಕೊಟ್ಟುಬಿಡಿ.